ಕಲಿಕೆಯೂ ನಡತೆಯೂ: ಒಂದು ವಾದದ ಚರಿತ್ರೆ

ಪ್ರಾಣಿಗಳಾಗಲಿ ಮನುಷ್ಯರಾಗಲಿ ಹೊಸ ನಡತೆಯನ್ನು ಕಲಿಯುವ ಬಗೆ ಯಾವುದೆಂಬ ವಿಚಾರದಲ್ಲಿ ಮನಶ್ಶಾಸ್ತ್ರಜ್ಞರು ಹೂಡಿದ ವಾದಗಳನ್ನು ಪಠ್ಯಗ್ರಂಥಗಳು ಸಾಮಾನ್ಯವಾಗಿ ಒಂದರ ಪಕ್ಕದಲ್ಲೊಂದನ್ನಿಟ್ಟು ವಿವರಿಸುವುವು. ಥಾರ್ನ್‌ಡೈಕನದು ಯತ್ನ-ಪ್ರಮಾದವಾದ, ಕೋಲರನದು ಒಳನೋಟದ ವಾದ, ಬಂಡೂರನದು ಅನುಕರಣವಾದ ಎಂದು ಹೆಸರಿಟ್ಟೊಡನೆ ವಿಷಯವು ಮುಗಿದಂತೆ ಕಾಣುತ್ತದೆ. ಇವುಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸಿದರೆ, ನಿಜವಾದ ಭೇದವು ಬೇರೊಂದು ಪ್ರಶ್ನೆಯಲ್ಲಿ ಅಡಗಿರುವಂತೆ ನಮಗೆ ತೋರುತ್ತದೆ. ಕಲಿತುದೂ ಮಾಡಿ ತೋರಿಸಿದುದೂ ಒಂದೆಯೋ, ಬೇರೆಬೇರೆಯೋ ಎಂಬುದೇ ಆ ಪ್ರಶ್ನೆ. ಪರೀಕ್ಷೆಯ ಉತ್ತರದಿಂದ ವಿದ್ಯಾರ್ಥಿಯ ಕಲಿಕೆಯನ್ನು ಅಳೆಯತಕ್ಕ ಉಪಾಧ್ಯಾಯರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಪ್ರಾಣಿಗಳ ಬುದ್ಧಿಯೆಂದರೆ ಜಾಣ ನಾಯಿಗಳ, ಚತುರ ಬೆಕ್ಕುಗಳ ಕಥೆಗಳನ್ನು ಕೂಡಿಹಾಕುವುದೇ ಆಗಿದ್ದಿತು. ಥಾರ್ನ್‌ಡೈಕನು 1898ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಕಥೆಗೆ ಬದಲಾಗಿ ಗಡಿಯಾರವನ್ನು ಹಿಡಿದನು. ಹಸಿದ ಬೆಕ್ಕೊಂದನ್ನು ಪಟ್ಟಿಗಳ ಪೆಟ್ಟಿಗೆಯೊಳಗೆ ಕೂಡಿ, ಹೊರಗೆ ಆಹಾರವನ್ನಿಟ್ಟು, ಅದು ಅಗುಳಿಯನ್ನೋ ದಾರದ ಕುಣಿಕೆಯನ್ನೋ ಸರಿಸಿ ಹೊರಬೀಳಲು ಹಿಡಿದ ಕಾಲವನ್ನು ಸಲಸಲಕ್ಕೂ ಬರೆದಿಟ್ಟನು. ಕಾಲವು ಮೆಲ್ಲಮೆಲ್ಲನೆ, ಏರಿಳಿತಗಳೊಡನೆ ಕಡಿಮೆಯಾಯಿತು. ಬೆಕ್ಕು ತರ್ಕಿಸಿದ್ದರೆ ಅದು ಒಮ್ಮೆಲೇ ಇಳಿಯಬೇಕಾಗಿದ್ದಿತೆಂಬುದು ಅವನ ವಾದ. ತೃಪ್ತಿಯನ್ನು ತಂದ ಕ್ರಿಯೆಯು ಸನ್ನಿವೇಶದೊಡನೆ ಬಲವಾಗಿ ಬೆಸೆದುಕೊಳ್ಳುವುದು, ಅತೃಪ್ತಿಯನ್ನು ತಂದುದು ಸಡಿಲವಾಗುವುದು ಎಂದು 1911ರಲ್ಲಿ ಅವನು ಹೇಳಿದ ಪರಿಣಾಮ ನಿಯಮವು ಇದರ ಫಲ. ಇದರ ಉತ್ತರಾರ್ಧವನ್ನು 1932ರ ಹೊತ್ತಿಗೆ ಅವನೇ ತಿದ್ದಿಕೊಂಡನು; ಬಹುಮಾನವು ಬಲಪಡಿಸುವಷ್ಟು ಶಿಕ್ಷೆಯು ದುರ್ಬಲಗೊಳಿಸಲಾರದೆಂದು ಕಂಡಿತು. ಬೆತ್ತದಲ್ಲಿ ನಂಬಿಕೆಯಿಟ್ಟವರು ಈ ತಿದ್ದುಪಡಿಯನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ರಷ್ಯದ ಪಾವ್‌ಲೋವನ ನಾಯಿಗಳ ವಿಚಾರವು ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಮನಸ್ಸೆಂಬುದನ್ನೇ ಶಾಸ್ತ್ರದಿಂದ ಹೊರಹಾಕಿ ನಡತೆಯೊಂದನ್ನೇ ಅಭ್ಯಸಿಸಬೇಕೆಂದು ವಾಟ್ಸನ್ನನು 1913ರಲ್ಲಿ ಸಾರಿದ ಮೇಲೆ, ಕಲಿಕೆಯೆಂದರೆ ನಡತೆಯ ಬದಲಾವಣೆಯೆಂಬುದು ಅನೇಕರಿಗೆ ಪ್ರಮಾಣವೇ ಆಯಿತು.

ಅದೇ ವರ್ಷದ ಕೊನೆಯಲ್ಲಿ ಜರ್ಮನಿಯ ಕೋಲರನು ಟೆನೆರಿಫ್ ದ್ವೀಪಕ್ಕೆ ಹೋದನು. ಯುದ್ಧದ ದೆಸೆಯಿಂದ 1920ರವರೆಗೂ ಅಲ್ಲಿಯೇ ನಿಲ್ಲಬೇಕಾಯಿತು. ಸುಲ್ತಾನನೆಂಬ ಚಿಂಪಾಂಜಿಯು ಎರಡು ಗಿಡ್ಡ ಕೋಲುಗಳನ್ನು ಒಂದರೊಳಗೊಂದನ್ನು ಸೇರಿಸಿ ಹಣ್ಣನ್ನು ಎಳೆದುಕೊಂಡುದು ಅವನ ಮುಖ್ಯ ದೃಷ್ಟಾಂತ. ಪೆಟ್ಟಿಗೆಯ ಅಗುಳಿಯೂ ಬಾಗಿಲೂ ಕೂಡುವ ಕ್ರಮವು ಬೆಕ್ಕಿನ ಕಣ್ಣಿಗೆ ಬೀಳದಿದ್ದಾಗ ಅದು ಕುರುಡಾಗಿ ತಡಕಾಡದೆ ಇನ್ನೇನು ಮಾಡೀತು ಎಂಬ ಅವನ ಆಕ್ಷೇಪಣೆಯು ಯುಕ್ತವಾದುದೇ. ಆದರೆ ಒಳನೋಟವು ಆಕಾಶದಿಂದ ಇಳಿದುದಲ್ಲ. ಕೋಲುಗಳ ಬಳಕೆಯಿಲ್ಲದ ಚಿಂಪಾಂಜಿಗಳು ಸಾಮಾನ್ಯವಾಗಿ ಸೋತು, ಮೂರು ದಿನ ಕೋಲುಗಳೊಡನೆ ಆಡಿದ ಮೇಲೆ ಅದೇ ಸಮಸ್ಯೆಯನ್ನು ಬೇಗನೆ ಬಿಡಿಸಿದುವೆಂದು ಬರ್ಚನು 1945ರಲ್ಲಿ ತೋರಿಸಿದನು. ಆ ಆಟಕ್ಕೆ ಬಹುಮಾನವಿದ್ದಿಲ್ಲ ಎಂಬುದನ್ನು ವಾಚಕರು ಗಮನಿಸತಕ್ಕದ್ದು.

ಬಹುಮಾನವಿಲ್ಲದೆ ಕಲಿಕೆಯುಂಟೆ? ಕ್ಯಾಲಿಫೋರ್ನಿಯದಲ್ಲಿ ಬ್ಲಾಜೆಟ್ಟನು 1929ರಲ್ಲಿ ಕೈಗೊಂಡ ಪರೀಕ್ಷೆಯನ್ನು ಮುಂದುವರಿಸಿ, ಟೋಲ್ಮನ್ ಮತ್ತು ಹಾನ್ಜಿಕರು 1930ರಲ್ಲಿ ಇಲಿಗಳ ಮೂರು ತಂಡಗಳನ್ನು ಚಕ್ರವ್ಯೂಹದಂಥ ಹಾದಿಗಳಲ್ಲಿ ಬಿಟ್ಟರು. ಮೊದಲ ತಂಡಕ್ಕೆ ಕೊನೆಯಲ್ಲಿ ದಿನವೂ ಆಹಾರ; ಎರಡನೆಯದಕ್ಕೆ ಎಂದೂ ಇಲ್ಲ; ಮೂರನೆಯದಕ್ಕೆ ಹನ್ನೊಂದನೆಯ ದಿನದಿಂದ. ಹತ್ತು ದಿನ ಅಲೆದಾಡುತ್ತಿದ್ದಂತೆ ಕಂಡ ಈ ಮೂರನೆಯ ತಂಡವು ಹನ್ನೆರಡನೆಯ ದಿನವೇ ಮೊದಲ ತಂಡಕ್ಕೆ ಸರಿದೊರೆಯಾಯಿತು. ಹಾದಿಯ ತಿಳಿವಳಿಕೆಯು ಆಗಲೇ ಒಳಗಿದ್ದಿತು. ತೋರಿಸಲು ಕಾರಣವಿರಲಿಲ್ಲ, ಅಷ್ಟೆ. ಟೋಲ್ಮನ್ನನು ಇದನ್ನು ಸುಪ್ತವಾದ ಕಲಿಕೆಯೆಂದನು. ಪ್ರತಿಪಕ್ಷದವರು ಕೈಕಟ್ಟಿ ಕುಳಿತಿರಲಿಲ್ಲ. ಆದರೂ ಅವರಲ್ಲಿ ಅಗ್ರಗಣ್ಯನಾದ ಹಲ್ಲನೇ, ಬಹುಮಾನದ ಪ್ರಮಾಣವು ಅಭ್ಯಾಸದ ಬಲವನ್ನು ಹೆಚ್ಚಿಸುವುದೆಂದು 1943ರಲ್ಲಿ ಬರೆದಿದ್ದವನು, 1952ರ ಗ್ರಂಥದಲ್ಲಿ ಅದನ್ನು ಕ್ರಿಯೆಗೆ ಹುರುಪು ಕೊಡುವ ಅಂಶವೆಂದು ಬೇರೆಡೆಗೆ ಸರಿಸಿದನು. ವಾದದಲ್ಲಿ ಸೋಲನ್ನು ಒಪ್ಪಿಕೊಳ್ಳುವ ಕ್ರಮವು ಬಹುಶಃ ವಿದ್ವಾಂಸರಲ್ಲಿ ಹೀಗೆಯೇ ಇರುವುದು.

ಮನುಷ್ಯರ ವಿಷಯದಲ್ಲಿ ಇದೇ ಭೇದವನ್ನು ಬಂಡೂರನು ಸ್ಟಾನ್‌ಫರ್ಡಿನಲ್ಲಿ ತೋರಿಸಿ 1965ರಲ್ಲಿ ಪ್ರಕಟಿಸಿದನು. ದೊಡ್ಡವನೊಬ್ಬನು ಗಾಳಿ ತುಂಬಿದ ಬೊಂಬೆಯನ್ನು ಹೊಡೆದು ಬಯ್ಯುವ ಚಿತ್ರವನ್ನು 66 ಮಂದಿ ಶಿಶುವಿಹಾರದ ಮಕ್ಕಳಿಗೆ ತೋರಿಸಲಾಯಿತು. ಕೆಲವರು ಅವನಿಗೆ ಸನ್ಮಾನವಾದುದನ್ನೂ, ಕೆಲವರು ದಂಡನೆಯಾದುದನ್ನೂ ಕಂಡರು. ಉಳಿದವರಿಗೆ ಯಾವ ಫಲವನ್ನೂ ತೋರಿಸಲಿಲ್ಲ. ದಂಡನೆಯನ್ನು ಕಂಡವರು ಕಡಿಮೆ ಅನುಕರಿಸಿದರು. ಬಳಿಕ, ಅವನು ಮಾಡಿದುದನ್ನು ಮಾಡಿ ತೋರಿಸಿದರೆ ಹಣ್ಣಿನ ರಸವನ್ನೂ ಅಂಟಿಸುವ ಚಿತ್ರಗಳನ್ನೂ ಕೊಡುವೆವೆಂದಾಗ ತಂಡಗಳ ನಡುವಣ ಅಂತರವು ಅಳಿದುಹೋಯಿತು. ದಂಡನೆಯು ನಡತೆಯನ್ನು ತಡೆದಿತ್ತೇ ಹೊರತು ಕಲಿಕೆಯನ್ನಲ್ಲ. ಸುಮ್ಮನೆ ಕುಳಿತಿದ್ದ ಮಕ್ಕಳೂ ನೋಡಿದುದನ್ನೆಲ್ಲ ಉಳಿದವರಷ್ಟೇ ಕಲಿತಿದ್ದರು.