ನೋಟಕ್ಕೆಂದೇ ಸಜ್ಜಾದ ನಗರ: ಪ್ಯಾರಿಸ್ ಮತ್ತು ಅದರ ಪ್ರವಾಸಿಗರು

ಪ್ಯಾರಿಸ್ಸಿನ ಆಕರ್ಷಣೆಯನ್ನು ಅದರ ಚೆಲುವಿನ ಲೆಕ್ಕಕ್ಕೆ ಬರೆದುಬಿಡುವುದು ವಾಡಿಕೆ. ಆದರೆ ಅದಕ್ಕಿಂತ ಪ್ರಾಚೀನವೂ ರಮ್ಯವೂ ಆದ ನಗರಗಳಿಗೆ ಯುರೋಪಿನಲ್ಲಿ ಎಂದೂ ಕೊರತೆಯಿರಲಿಲ್ಲವಾದ್ದರಿಂದ, ಪ್ರವಾಸಿಗರು ಮೂರು ಶತಮಾನಗಳಿಂದ ಅಲ್ಲಿಗೆ ಮುಗಿಬೀಳುತ್ತಿರುವುದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಆಡಳಿತವೇ ಮುಂದೆ ನಿಂತು ಊರನ್ನು ನೋಡುವವರ ಕಣ್ಣಿಗೆ ಒಪ್ಪಿಸುವ ಪದ್ಧತಿ ಅಲ್ಲಿ ಬಹು ಬೇಗ ಬೇರೂರಿತು. 1607ರಲ್ಲಿ ಸಂಚಾರಕ್ಕೆ ತೆರೆದ ಪೋಂ ನಫ್ ಸೇತುವೆಯ ಮೇಲೆ, ಅಂದಿನ ರೂಢಿಗೆ ವಿರುದ್ಧವಾಗಿ, ಮನೆಗಳನ್ನು ಕಟ್ಟಗೊಡದೆ ಇಕ್ಕೆಲಗಳಲ್ಲೂ ಎತ್ತರಿಸಿದ ಕಾಲುದಾರಿ ಬಿಟ್ಟದ್ದರಿಂದ, ನಡುಸೇತುವೆಯಲ್ಲಿ ನಿಂತು ಸೇನ್ ನದಿಯನ್ನೂ ಲೂವ್ರ್ ಅರಮನೆಯನ್ನೂ ನೋಡುವುದು ಸಾಧ್ಯವಾಯಿತು. 1667ರಲ್ಲಿ ನಗರದ ಪೊಲೀಸ್ ಮುಖ್ಯಸ್ಥನಾಗಿ ನೇಮಕಗೊಂಡ ಲಾ ರೇನಿ, ಗಾಜಿನ ಗೂಡಿನಲ್ಲಿ ಮೇಣದ ಬತ್ತಿ ಉರಿಯುವ ಕಂದೀಲುಗಳನ್ನು ಬೀದಿಗಳಲ್ಲಿ ತೂಗುಹಾಕಿಸಿದ್ದು ಕಳ್ಳಕಾಕರನ್ನು ಹತ್ತಿಕ್ಕಲೆಂದಾದರೂ, ಕತ್ತಲಾದ ಮೇಲೂ ಅಡ್ಡಾಡಬಯಸಿದ ಹೊರನಾಡಿಗರಿಗೆ ಅದರಿಂದ ಅನುಕೂಲವೇ ಆಯಿತು.

ನೋಡಲು ಬಂದವರನ್ನೇ ನೋಡುವ ಚಪಲವೂ ಆ ಊರಿಗೆ ಕಡಿಮೆಯಿರಲಿಲ್ಲ. ಇಂಗ್ಲಿಷರ ವಿರುದ್ಧ ಫ್ರೆಂಚರ ಸೇನಾ ನೆರವು ಕೋರಿ ಟಿಪ್ಪು ಸುಲ್ತಾನ ಕಳುಹಿಸಿದ ಮೂವರು ರಾಯಭಾರಿಗಳು 1788ರ ಬೇಸಗೆಯಲ್ಲಿ ಪ್ಯಾರಿಸ್ ತಲುಪಿದಾಗ ಅವರ ಉಡುಗೆತೊಡುಗೆಯೇ ಊರಿನ ಮಾತಾಯಿತು. ಆಗಸ್ಟ್ 10ರಂದು ವರ್ಸಾಯ್ ಅರಮನೆಯಲ್ಲಿ 16ನೆಯ ಲೂಯಿ ಅವರಿಗೆ ದರ್ಶನವಿತ್ತನು. ಅವರಲ್ಲೊಬ್ಬನಾದ ಮಹಮ್ಮದ್ ದರ್ವೇಶ್ ಖಾನನು ಬಿಳಿಯ ಮಸ್ಲಿನ್ ನಿಲುವಂಗಿ ತೊಟ್ಟು, ಕೈಯನ್ನು ಕತ್ತಿಯ ಮೇಲಿರಿಸಿ ನಿಂತ ಆಳೆತ್ತರದ ಚಿತ್ರವನ್ನು ಕಲಾವಿದೆ ವಿಝೇ ಲ ಬ್ರನ್ ಬರೆದಳು. ಮರುವರ್ಷ ಅದು ಸಲೋನಿನಲ್ಲಿ, ಅಂದರೆ ಫ್ರೆಂಚ್ ಕಲಾ ಅಕಾಡೆಮಿಯ ಸಾರ್ವಜನಿಕ ಚಿತ್ರಪ್ರದರ್ಶನದಲ್ಲಿ, ಜನರ ಮುಂದೆ ಬಂತು. ಶ್ರೀರಂಗಪಟ್ಟಣ ಬಯಸಿದ ಸೇನೆ ಮಾತ್ರ ದೊರೆಯಲಿಲ್ಲ.

ಮೂರನೆಯ ನೆಪೋಲಿಯನ್ 1853ರಲ್ಲಿ ಸೇನ್ ಪ್ರಾಂತದ ಆಡಳಿತಾಧಿಕಾರಿಯಾಗಿ ನೇಮಿಸಿದ ಓಸ್ಮಾನ್, ಇಕ್ಕಟ್ಟಾದ ಹಳೆಯ ಕೇರಿಗಳನ್ನು ಕೆಡವಿ ಬುಲವಾರುಗಳನ್ನು, ಎಂದರೆ ಸಾಲುಮರಗಳಿರುವ ವಿಶಾಲ ಬೀದಿಗಳನ್ನು, ಹಾಯಿಸಿದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ಬೀದಿಪಾಲಾದ ಬಡವರ ಕಥೆಯನ್ನು ಪ್ರವಾಸಿ ಕೈಪಿಡಿಗಳು ಹೆಚ್ಚಾಗಿ ಹೇಳುವುದಿಲ್ಲ. ಆ ಬೀದಿಗಳಡಿಯಲ್ಲಿ ಎಂಜಿನಿಯರ್ ಬೆಲ್‌ಗ್ರಾಂ ಕಟ್ಟಿಸಿದ ಒಳಚರಂಡಿಗಳು ಇನ್ನೂ ಕುತೂಹಲಕರವಾದವು. 1867ರ ವಿಶ್ವ ವಸ್ತುಪ್ರದರ್ಶನದ ಸಂದರ್ಭದಲ್ಲಿ ಅವುಗಳನ್ನೂ ಸಾರ್ವಜನಿಕರಿಗೆ ತೆರೆಯಲಾಯಿತು. ಕಾಲುವೆಯ ಎರಡು ಅಂಚುಗಳ ಮೇಲೆ ಗಾಲಿಯೂರಿ, ತಳಕ್ಕೆ ಇಳಿಬಿಟ್ಟ ಹಲಗೆಯಿಂದ ಹೂಳನ್ನು ಮುಂದಕ್ಕೆ ತಳ್ಳುತ್ತಿದ್ದ ಬಂಡಿಗಳು ಇಂಥ ಚರಂಡಿಗಳ ನಿತ್ಯದ ಉಪಕರಣ. ಅದೇ ಮಾದರಿಯ ಬಂಡಿಗಳಿಗೆ ಆಸನಗಳನ್ನೂ ದೀಪಗಳನ್ನೂ ಜೋಡಿಸಿ, ರೇಷ್ಮೆಯುಟ್ಟ ಮಹಿಳೆಯರನ್ನೂ ಕೂರಿಸಿಕೊಂಡು, ಚರಂಡಿ ಕಾರ್ಮಿಕರು ರೀವೊಲಿ ಬೀದಿಯ ಅಡಿಯಲ್ಲಿ ಎಳೆದೊಯ್ಯುತ್ತಿದ್ದರು. ಕೊಳಚೆಯನ್ನು ಮುಚ್ಚಿಡುವ ಬದಲು ಟಿಕೆಟ್ಟು ಕೊಟ್ಟು ತೋರಿಸಿದ ಈ ಧೈರ್ಯದಲ್ಲಿ ನಗರಾಡಳಿತದ ಹೆಮ್ಮೆಯೂ ಕೊಂಚ ಆತ್ಮಪ್ರಶಂಸೆಯೂ ಬೆರೆತಿದ್ದವು.

ಇದೇ ಪ್ರವೃತ್ತಿ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಶವಾಗಾರ ಸಾಕ್ಷಿ. ನೋತ್ರ್ ದಾಮ್ ಚರ್ಚಿನ ಹಿಂದೆ 1864ರಲ್ಲಿ ನಿರ್ಮಾಣವಾದ ಆ ಕಟ್ಟಡದಲ್ಲಿ, ಗುರುತು ಸಿಗದ ಶವಗಳನ್ನು ಬಂಧುಗಳು ಯಾರಾದರೂ ಪತ್ತೆಹಚ್ಚಲೆಂದು ಇಳಿಜಾರಾದ ಕಲ್ಲಿನ ಹಾಸುಗಳ ಮೇಲೆ ಗಾಜಿನ ಪರದೆಯ ಹಿಂದೆ ಮಲಗಿಸುತ್ತಿದ್ದರು. ಪ್ರವೇಶ ಉಚಿತವಾಗಿದ್ದುದರಿಂದ ಬಂಧುಗಳಿಗಿಂತ ತಮಾಷೆ ನೋಡುವವರೇ ಹೆಚ್ಚಾಗಿ ಸೇರಿದರು; ವಿದೇಶೀಯರ ಕೈಪಿಡಿಗಳಲ್ಲಿಯೂ ಆ ಸ್ಥಳ ಸೇರಿಕೊಂಡಿತು. ಸಭ್ಯತೆಯ ಹೆಸರಿನಲ್ಲಿ 1907ರಲ್ಲಿ ಸಾರ್ವಜನಿಕ ಪ್ರವೇಶ ನಿಂತಿತು. ಒಳಚರಂಡಿಯ ವೀಕ್ಷಣೆ ಮಾತ್ರ ಬಂಡಿಗಳು ಹೋದ ಮೇಲೂ ಉಳಿದುಕೊಂಡು, ಈಗ ಆಲ್ಮಾ ಸೇತುವೆಯ ಬಳಿಯ ನೆಲದಡಿಯ ವಸ್ತುಸಂಗ್ರಹಾಲಯದ ರೂಪದಲ್ಲಿ ಮುಂದುವರಿದಿದೆ.