ಅಗ್ಗದ ಅಶ್ವಶಕ್ತಿಯ ಹತ್ತು ವರ್ಷ

ದೊಡ್ಡ ಎಂಜಿನ್ ಹೊತ್ತ ಅಮೆರಿಕದ ಹಳೆಯ ಮಸಲ್ ಕಾರುಗಳಲ್ಲಿ ಕೆಲವು ಇಂದು ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಗುತ್ತವೆ, ಆದರೆ ಈ ಬಗೆಯ ಕಾರು ಸಿರಿವಂತರಿಗೆಂದು ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ನಂತರ ಜನಿಸಿದ ದೊಡ್ಡ ಪೀಳಿಗೆ 1960ರ ದಶಕದ ನಡುವಿಗೆ ಸ್ಟಿಯರಿಂಗ್ ಹಿಡಿಯುವ ವಯಸ್ಸಿಗೆ ಬಂದಿತ್ತು. ಕೈಯಲ್ಲಿ ಕೆಲಸವಿತ್ತು, ಕಂತಿನ ಸಾಲ ಸಿಗುತ್ತಿತ್ತು. ಡೆಟ್ರಾಯ್ಟ್ ನಗರದ ಕಾರು ಕಂಪನಿಗಳು ಕಣ್ಣಿಟ್ಟದ್ದು ಇವರ ಮೇಲೆ.

ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟರ್ಸ್‌ನಲ್ಲಿ ಕಟ್ಟಳೆಯಿತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು 1964ರ ಮಾದರಿಗೆಂದು ಒಂದು ಉಪಾಯ ಹೂಡಿದರು. ಹೊಸ ಮಾದರಿ ಎನ್ನದೆ, ಟೆಂಪೆಸ್ಟ್ ಕಾರಿನ ಹೆಚ್ಚುವರಿ ಸೌಲಭ್ಯವೆಂದು 389 ಘನ ಇಂಚಿನ ಎಂಜಿನ್ ಕೂರಿಸಿದರು. ಅದೇ ಜಿಟಿಒ. ಈ ಸೌಲಭ್ಯಕ್ಕೆ ಸುಮಾರು 300 ಡಾಲರ್, ಇಡೀ ಕಾರಿಗೆ 2,800ರ ಆಸುಪಾಸು. ಬಾಡಿ ಟೆಂಪೆಸ್ಟ್ ಕಾರಿನದೇ, ಎಂಜಿನ್ನೂ ಮೊದಲೇ ಇದ್ದದ್ದೇ. ಹೊಸದಾಗಿ ಹೂಡಬೇಕಾದ ಬಂಡವಾಳ ಅಲ್ಪ. ಅಗ್ಗದ ಗುಟ್ಟು ಇಷ್ಟೇ. 5,000 ಮಾರಿದರೆ ಸಾಕೆಂದುಕೊಂಡಿದ್ದ ಕಡೆ 32,450 ಮಾರಾಟವಾದವು. 1964ರ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ಗೆ 2,368 ಡಾಲರ್. ಆದರೆ ಆ ದರಕ್ಕೆ ಸಿಗುತ್ತಿದ್ದದ್ದು ಆರು ಸಿಲಿಂಡರಿನ ಸಾಧು ಕಾರು. ವಿ-8ಕ್ಕೆ ಬೇರೆ ದುಡ್ಡು.

ಪೈಪೋಟಿ ಬೆಳೆದಂತೆ ಅಲಂಕಾರವೂ ಬೆಲೆಯೂ ಏರಿದವು. ಪ್ಲಿಮತ್ ಬ್ರ್ಯಾಂಡ್ 1968ರ ಮಾದರಿಯಲ್ಲಿ ಎದುರು ದಾರಿ ಹಿಡಿದು, 2,896 ಡಾಲರಿಗೆ ರೋಡ್ ರನ್ನರ್ ತಂದಿತು. ಒಳಗೆ ಉದ್ದನೆಯ ವಿನೈಲ್ ಸೀಟು, ಕಾಲಡಿ ಕಾರ್ಪೆಟ್ ಬದಲು ರಬ್ಬರ್ ಹಾಸು. ಬಾನೆಟ್ ಕೆಳಗೆ ಮಾತ್ರ 335 ಅಶ್ವಶಕ್ತಿ. ಹೀಗೆ ದುಡ್ಡು ಉಳಿಸುವ ನಡುವೆಯೂ ರೋಡ್ ರನ್ನರ್ ಎಂಬ ಕಾರ್ಟೂನ್ ಹಕ್ಕಿಯ ಹೆಸರಿಗೆಂದು ವಾರ್ನರ್ ಬ್ರದರ್ಸ್‌ಗೆ 50,000 ಡಾಲರ್ ತೆತ್ತು, ಹಕ್ಕಿಯಂತೆಯೇ ‘ಬೀಪ್ ಬೀಪ್’ ಎನ್ನುವ ಹಾರ್ನ್ ಕೂರಿಸಿದರು. ಮೊದಲ ವರ್ಷವೇ ಸುಮಾರು 45,000 ಕಾರುಗಳು ಖರ್ಚಾದವು.

1968ರಲ್ಲಿ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 1.60 ಡಾಲರ್. ಲೆಕ್ಕ ಹಾಕಿದರೆ, ರೋಡ್ ರನ್ನರ್ ಬೆಲೆ 1,810 ಗಂಟೆಗಳ ದುಡಿಮೆ, ಅಂದರೆ ವರ್ಷದ ಸಂಬಳಕ್ಕಿಂತ ಕಡಿಮೆ. ನಡುಮಟ್ಟದ ಕುಟುಂಬಕ್ಕೆ ವಾರ್ಷಿಕ ವರಮಾನದ ಮೂರನೇ ಒಂದು ಪಾಲು.

ಹಾಗೆಂದು ಎಲ್ಲವೂ ಅಗ್ಗವಾಗಿರಲಿಲ್ಲ. ಅದೇ ರೋಡ್ ರನ್ನರ್‌ಗೆ ಹೆಮಿ ಎಂಬ ಇನ್ನೂ ಬಲವಾದ ಎಂಜಿನ್ ಬೇಕೆಂದರೆ ಇನ್ನೂ 714 ಡಾಲರ್. ಕಾರಿನ ಬೆಲೆಯ ಕಾಲು ಭಾಗ. 1969ರ ಕಮಾರೊ ಝಡ್ಎಲ್-1ರ ಎಂಜಿನ್ನಿಗೇ 4,000 ಡಾಲರ್ ದಾಟುತ್ತಿತ್ತು. ತಯಾರಾದದ್ದು 69 ಮಾತ್ರ. ಅವನ್ನೂ ಸಾಗಹಾಕಲು ಡೀಲರುಗಳು ಹೆಣಗಾಡಿದರು. 1971ರ ಹೆಮಿ ಎಂಜಿನ್ನಿನ ಕುಡಾ ಕನ್ವರ್ಟಿಬಲ್ ಕಾರು ತಯಾರಾದದ್ದು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಕೊಳ್ಳುವುದು ಸುಲಭವಿದ್ದರೂ ಇಟ್ಟುಕೊಳ್ಳುವುದು ಕಷ್ಟವಾಯಿತು. ದಶಕದ ಕೊನೆಗೆ ವಿಮಾ ಕಂಪನಿಗಳು ಯುವ ಚಾಲಕರ ಪ್ರೀಮಿಯಂ ಏರಿಸಿದವು. 1970ರ ವಾಯುಮಾಲಿನ್ಯ ಕಾಯ್ದೆಯಿಂದಾಗಿ ಎಂಜಿನ್‌ಗಳ ಕಸುವು ಕುಗ್ಗಿತು. 1973ರ ಅಕ್ಟೋಬರಿನ ತೈಲ ನಿರ್ಬಂಧ ಕೊನೆಯ ಪೆಟ್ಟು ಕೊಟ್ಟಿತು. 1974ರ ಮಾದರಿಯೊಂದಿಗೆ ಜಿಟಿಒ ಕೂಡ ನಿಂತಿತು.

ಆದ್ದರಿಂದ ಇಂದಿನ ಹರಾಜಿನ ಬೆಲೆ ನೋಡಿ ‘ಆಗ ಕೊಂಡಿಟ್ಟಿದ್ದರೆ’ ಎಂದು ಹಲುಬುವುದರಲ್ಲಿ ಹುರುಳಿಲ್ಲ. ಕೂಲಿ ಕಾರ್ಮಿಕನ ಕೈಗೆಟುಕಿದ್ದು ರಬ್ಬರ್ ಹಾಸಿನ ಕಾರು. ಕೋಟಿ ಬೆಲೆಯವು ಆಗಲೂ ದುಬಾರಿಯೇ, ದುಬಾರಿಯಾಗಿದ್ದುದರಿಂದಲೇ ಇಂದು ಅಪರೂಪ.