ಆರು ಲಕ್ಷ ಜನ ಎಲ್ಲಿ ಹೋದ್ರು? (ನಮ್ಮ ದುರ್ಗ, ಭಾಗ 9)

ಹಳೇ ಜನಗಣತಿ ಅಂಕಿ ನೋಡಿದ್ರೆ ನಿಮಗೂ ಗಾಬರಿ ಆಗುತ್ತೆ. 1991ರಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 21 ಲಕ್ಷ ದಾಟಿತ್ತು. 2001ರಲ್ಲಿ 15,17,896! ಬರ ಬಂತಾ? ರೋಗ ಬಂತಾ? ಏನೂ ಇಲ್ಲ, ಗೆರೆ ಸರಿಯಿತು ಅಷ್ಟೇ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಾಗ ಹರಿಹರ, ಜಗಳೂರು ಕೂಡ ಅದರ ಜೊತೆ ಹೋದವು. ನಮಗೆ ಉಳಿದದ್ದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು.

ಪಾಲುದಾರ ಹೊರಗೆ ಹೋದ ಮೇಲೆ ಹಳೇ ಬ್ಯಾಲೆನ್ಸ್ ಶೀಟ್ ಪಕ್ಕಕ್ಕಿಟ್ಟು 'ನಷ್ಟ ಆಯ್ತು' ಅನ್ನೋಕಾಗಲ್ಲ. ಬಿಕಾಂನವರಿಗೆ ಗೊತ್ತಿರುತ್ತೆ.

ಈಗಿನ ಜಿಲ್ಲೆ ಸುಮಾರು 8,400 ಚದರ ಕಿ.ಮೀ. 2011ರ ಪ್ರಕಾರ ಚದರ ಕಿ.ಮೀ.ಗೆ 197 ಜನ. ರಾಜ್ಯದ ಸರಾಸರಿ 319. ನೂರಕ್ಕೆ ಎಂಬತ್ತು ಜನ ಹಳ್ಳಿಯವರು. ಹೊಳಲ್ಕೆರೆ ಕಡೆ ಹೋದ್ರೆ ಅಡಿಕೆ ತೋಟ, ಚಳ್ಳಕೆರೆ ಕಡೆ ಹೋದ್ರೆ ಶೇಂಗಾ ಹೊಲ. ಮಳೆ ಕಮ್ಮಿ ಅನ್ನೋದಕ್ಕೆ ಮೂರನೇ ಫೋಟೋ ಸಾಕ್ಷಿ: ಹಿರಿಯೂರಿನ ಮಾರಿಕಣಿವೆ, ಅಂದ್ರೆ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟೆ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲೇ. 89 ವರ್ಷ! ಅವತ್ತು ಕೋಡಿ ನೋಡೋಕೆ ಸೇರಿದ ಜಾತ್ರೆ ನೆನಪಿದೆಯಾ?

ನನಗೆ ಕಾಡೋ ಅಂಕಿ ಬೇರೆ. 2001ರಿಂದ 2011ಕ್ಕೆ ರಾಜ್ಯದ ಜನಸಂಖ್ಯೆ ಶೇ. 15.6 ಬೆಳೆದ್ರೆ ನಮ್ಮ ಜಿಲ್ಲೆಯದು ಶೇ. 9.3 ಮಾತ್ರ (16,59,456). ಈ ಸಲ ಗೆರೆ ಯಾರೂ ಸರಿಸಿಲ್ಲ. ಹೆರಿಗೆ ಕಮ್ಮಿ ಆಗಿರಬಹುದು, ಸರಿ. ಆದ್ರೆ ಡಿಗ್ರಿ ಮುಗಿಸಿದ ನನ್ನ ಸೀನಿಯರ್‌ಗಳನ್ನ ಲೆಕ್ಕ ಹಾಕಿ ನೋಡಿದೆ, ಮುಕ್ಕಾಲು ಜನ ಬೆಂಗಳೂರಿನ ಪಿಜಿಗಳಲ್ಲಿದ್ದಾರೆ. ಊರಲ್ಲಿ ಸಿಗೋದು ಹಬ್ಬಕ್ಕೆ.

ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ. ಆ ದಿನಗಳಲ್ಲಿ ನೀವು ಎಲ್ಲಿ ವಾಸ ಇರ್ತೀರೋ ಅಲ್ಲಿನ ಲೆಕ್ಕಕ್ಕೇ ಸೇರ್ತೀರಿ. ರೇಷನ್ ಕಾರ್ಡ್ ಎಲ್ಲಿದೆ ಅನ್ನೋದು ಲೆಕ್ಕಕ್ಕಿಲ್ಲ. ಅವ್ವನಿಗೆ ಇದನ್ನ ಹೇಳಿದೆ. "ನೀನೆಲ್ಲಾದ್ರೂ ಇರು, ನಿನ್ ಹೆಸ್ರು ಮದಕರಿಪುರದಲ್ಲೇ ಬರುಸ್ತೀನಿ" ಅಂದ್ಲು. ಹಂಗೆ ಬರೆಸೋಕೆ ಬರಲ್ಲ ಅವ್ವಾ ಅಂತ ಹೇಳೋಕೆ ಬಾಯಿ ಬರಲಿಲ್ಲ.

ನಿಮ್ಮದು ಯಾವ ತಾಲ್ಲೂಕು? ಆಗ ಎಲ್ಲಿರ್ತೀರಿ?

#ನಮ್ಮದುರ್ಗ #ಚಿತ್ರದುರ್ಗ